ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದ ಶಾಲೆಯಲ್ಲಿ ಡಿಜಿಟಲ್ ಕೃತಿ ಸಂಪುಟ ಮಾಡುವುದು ಹೇಗೆ? ಅಂಕ ಹೇಗೆ ಕೊಡುವುದು?

ನಿಮ್ಮದು ಕೊಡಗಿನ ಸೋಮವಾರಪೇಟೆ ಕಡೆಯ ಶಾಲೆ, ಆರು ಮತ್ತು ಏಳನೇ ತರಗತಿ ಎಂದು ಬರೆದಿದ್ದೀರಿ. ಯಾವ ಆಪ್ ಒಳ್ಳೆಯದು, ಅಂಕ ಹೇಗೆ ಕೊಡುವುದು ಎಂದು ಕೇಳಿದ್ದೀರಿ. ನಾನು ಪೊನ್ನಂಪೇಟೆ ಕಡೆ ವಿಜ್ಞಾನ ಪಾಠ ಮಾಡುತ್ತೇನೆ. ನಾಲ್ಕು ವರ್ಷದಿಂದ ಮಕ್ಕಳ ಕೃತಿ ಸಂಪುಟವನ್ನು, ಅಂದರೆ ಅವರು ಮಾಡಿದ ಕೆಲಸದ ಸಂಗ್ರಹವನ್ನು (ಪೋರ್ಟ್‌ಫೋಲಿಯೊ), ಫೋನಿನಲ್ಲೇ ಇಡುತ್ತಿದ್ದೇನೆ.

ಆಪ್ ವಿಷಯ ಮೊದಲು ಮುಗಿಸೋಣ, ಅದು ಚಿಕ್ಕದು. ಜುಲೈನಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ. ಹಿಂದೆಯೇ ಟವರ್ ಕೂಡ ಹೋಗುತ್ತದೆ. ಹಾಗಾಗಿ ನೆಟ್ ಬೇಡುವ ಯಾವ ಆಪನ್ನೂ ನಂಬಬೇಡಿ. ಒಂದು ಫೋನು, ಮಗುವಿಗೊಂದು ಫೋಲ್ಡರು, ಫೈಲಿನ ಹೆಸರಿನಲ್ಲಿ ದಿನಾಂಕ. ಇಷ್ಟು ಸಾಕು. ನೆಟ್ ಸಿಕ್ಕ ದಿನ ಗೂಗಲ್ ಡ್ರೈವ್‌ಗೆ ಹಾಕಿ. 15 ಜಿಬಿ ಪುಕ್ಕಟೆ ಸಿಗುತ್ತದೆ. ಫೋಟೊ, ಆಡಿಯೊ ಮಾತ್ರ ಆದರೆ ಒಂದು ತರಗತಿಗೆ ಸಾಕಾಗುತ್ತದೆ, ವಿಡಿಯೊ ಹಾಕಿದರೆ ಬೇಗ ತುಂಬುತ್ತದೆ. ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲೇಬೇಕು. ಮೊದಲ ವರ್ಷ ನಾನು ಇಟ್ಟಿರಲಿಲ್ಲ. ಆಗಸ್ಟ್‌ನಲ್ಲಿ ಫೋನಿಗೆ ನೀರು ಹೋಗಿ ಎರಡು ತಿಂಗಳ ಕೆಲಸ ಹೋಯಿತು. ಮಕ್ಕಳಿಗೆ ಅದನ್ನು ಹೇಳುವುದು ಬಹಳ ಕಷ್ಟವಾಯಿತು.

ಒಳಗೆ ಏನು ಇಡಬೇಕು ಎಂಬುದೇ ದೊಡ್ಡ ಮಾತು. ನಾವೆಲ್ಲ ಚೆಂದದ ಚಾರ್ಟು, ಬಣ್ಣದ ಮಾದರಿ, ಬಹುಮಾನದ ಫೋಟೊ ತುಂಬುತ್ತೇವೆ, ಅಲ್ವಾ? ನೋಡಲು ಚೆನ್ನಾಗಿರುತ್ತದೆ. ಆದರೆ ಮಗು ಏನು ಕಲಿಯಿತು ಎಂದು ಅದರಿಂದ ಗೊತ್ತಾಗುವುದಿಲ್ಲ. ಮಗು ಮೊದಲು ತಪ್ಪಿದ್ದು, ಆಮೇಲೆ ತಿದ್ದಿಕೊಂಡಿದ್ದು, ಎರಡೂ ಅಕ್ಕಪಕ್ಕ ಇರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಮಳೆ ಅಳೆಯುವ ಪಾಠ ಮಾಡಿದೆ. ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ, ಪಕ್ಕಕ್ಕೆ ಸ್ಕೇಲು ಅಂಟಿಸಿದರು. ನಮ್ಮ ಮಕ್ಕಳಿಗೆ ಮಳೆಯ ಲೆಕ್ಕ ಹೊಸದಲ್ಲ. ತೋಟದ ಮನೆಗಳಲ್ಲಿ 'ಇವತ್ತು ಎಷ್ಟು ಇಂಚು' ಎನ್ನುವುದು ದಿನದ ಮಾತು. ಕಾಫಿ ಹೂ ಅರಳಿಸುವ ಹೂ ಮಳೆ ಬಂದಾಗ 'ಎಂಬತ್ತು ಸೆಂಟ್ಸ್' ಎನ್ನುತ್ತಾರೆ, ಅಂದರೆ ಇಂಚಿನ ನೂರರಲ್ಲಿ 80 ಭಾಗ. ಒಬ್ಬ ಹುಡುಗಿ ಬಾಟಲಿಯನ್ನು ಸೂರಿನ ಕೆಳಗೆ ಇಟ್ಟಳು. ಬೆಳಗ್ಗೆ ಅದು ತುಂಬಿ ಹರಿದಿತ್ತು. ಅವಳ ತಂದೆ ಕೆಲಸ ಮಾಡುವ ತೋಟದ ಪುಸ್ತಕದಲ್ಲಿ ಅದೇ ದಿನ 2 ಇಂಚು 40 ಸೆಂಟ್ಸ್ ಎಂದಿತ್ತು, ಸುಮಾರು 61 ಮಿಲಿಮೀಟರ್. ನಾನು ಏನೂ ಹೇಳಲಿಲ್ಲ. ತುಂಬಿದ ಬಾಟಲಿಯ ಫೋಟೊ ತೆಗೆದು ಅವಳ ಫೋಲ್ಡರಿನಲ್ಲಿ ಇಟ್ಟೆ. ಮೂರು ದಿನ ಕಳೆದ ಮೇಲೆ ಅವಳೇ ಬಾಟಲಿಯನ್ನು ಕಾಫಿ ಒಣಗಿಸುವ ಕಣದ ನಡುವೆ ಇಟ್ಟಳು. ಈಗ ಅವಳ ಲೆಕ್ಕವೂ ತೋಟದ ಲೆಕ್ಕವೂ ಹತ್ತಿರ ಬಂದವು. ಎರಡು ಫೋಟೊಗಳ ಜೊತೆ ಅವಳ ದನಿಯ ಒಂದು ಸಣ್ಣ ಆಡಿಯೊ ಇದೆ: "ಮೊದಲು ಇಟ್ಟಾಗ ಇಡೀ ಮಾಡಿನ ಮಳೆ ಒಂದೇ ಬಾಟಲಿಗೆ ಬಿತ್ತು." ನಾನು ಬೋರ್ಡಿನ ಮೇಲೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಈ ಆಡಿಯೊವನ್ನು ಬಿಡಬೇಡಿ. 'ಇದನ್ನು ಯಾಕೆ ಆರಿಸಿದೆ? ಮತ್ತೆ ಮಾಡಿದರೆ ಏನು ಬದಲಿಸುತ್ತೀಯ?' ಈ ಎರಡು ಪ್ರಶ್ನೆ ಸಾಕು. ಬರೆಯಲು ಕಷ್ಟಪಡುವ ಮಗುವೂ ಮಾತಾಡುತ್ತದೆ. ಮನೆಯಲ್ಲಿ ಯರವ ಭಾಷೆ ಆಡುವ ಮಗು ಮೊದಲು ತನ್ನ ಮಾತಿನಲ್ಲೇ ಹೇಳಲಿ, ಆಮೇಲೆ ಕನ್ನಡದಲ್ಲಿ.

ಇನ್ನು ಅಂಕ. 1990ರ ದಶಕದ ಆರಂಭದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯ ನಾಲ್ಕು ಮತ್ತು ಎಂಟನೇ ತರಗತಿಯ ಮಕ್ಕಳನ್ನು ಇಂಥ ಸಂಪುಟಗಳಿಂದ ಅಳೆಯಲು ಹೊರಟಿತು. ಅಲ್ಲಿನ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯವರು ಪರಿಶೀಲಿಸಿದಾಗ, ಒಂದೇ ಸಂಪುಟಕ್ಕೆ ಇಬ್ಬರು ಶಿಕ್ಷಕರು ಕೊಟ್ಟ ಅಂಕ ಸರಿಯಾಗಿ ಹೊಂದಲಿಲ್ಲ. ಒಬ್ಬೊಬ್ಬರ ತರಗತಿಯಲ್ಲಿ ಒಂದೊಂದು ಬಗೆಯ ಕೆಲಸ ಕೊಟ್ಟಿದ್ದರೆ ಹೀಗಾಗುವುದು ಸಹಜ. ಆದ್ದರಿಂದ ಈ ಅಂಕದಿಂದ ಮಗುವನ್ನು ಮಗುವಿನ ಜೊತೆ, ಶಾಲೆಯನ್ನು ಶಾಲೆಯ ಜೊತೆ ಹೋಲಿಸಬೇಡಿ. ಎಫ್‌ಎಗೆ (ವರ್ಷದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನಕ್ಕೆ) ಅಂಕ ಹಾಕಲೇಬೇಕಾದರೆ, ಎಲ್ಲರಿಗೂ ಕೊಟ್ಟ ಒಂದೇ ಕೆಲಸವನ್ನು ಹಿಡಿದು ಹಾಕಿ. ಏನು ನೋಡುತ್ತೀರಿ ಎಂದು ಮೊದಲೇ ಮಕ್ಕಳಿಗೆ ಹೇಳಿ. ನಾನು ಅಳತೆಯ ವಿಧಾನ, ಅಳತೆಯ ಮಾನ (ಇಂಚೋ, ಮಿಲಿಮೀಟರೋ), ತನ್ನ ತಪ್ಪನ್ನು ತಾನೇ ಕಂಡುಕೊಂಡದ್ದು, ಈ ಮೂರನ್ನು ನೋಡುತ್ತೇನೆ. ಐದು ಸಂಪುಟವನ್ನು ಇನ್ನೊಬ್ಬ ಶಿಕ್ಷಕರ ಜೊತೆ ಕೂತು ನೋಡಿ, ನಿಮ್ಮ ಕಣ್ಣು ಎಲ್ಲಿ ತಪ್ಪುತ್ತದೆ ಎಂದು ಗೊತ್ತಾಗುತ್ತದೆ.

ಅಂಕಕ್ಕಿಂತ ಮೊದಲು ಕೆಲಸದ ಬಗ್ಗೆ ಎರಡು ಮಾತಿನ ಟಿಪ್ಪಣಿ ಕೊಡಿ. ಇಸ್ರೇಲ್‌ನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದ ಮಕ್ಕಳು ಚೆನ್ನಾಗಿ ಮುಂದುವರಿದರು. ಟಿಪ್ಪಣಿಯ ಜೊತೆ ಅಂಕವನ್ನೂ ಕೊಟ್ಟಾಗ ಆ ಲಾಭ ಕಾಣಲಿಲ್ಲ. ನಮ್ಮ ತರಗತಿಯಲ್ಲೂ ಅಷ್ಟೇ, ಅಂಕ ಕಂಡ ಕೂಡಲೇ ಮಗು ಪುಸ್ತಕ ಮುಚ್ಚಿಬಿಡುತ್ತದೆ.

ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆಯ) ಮಕ್ಕಳಿಗಾಗಿ ಇದನ್ನು ಮಾಡಲೇಬೇಕು ಎನ್ನುವವನು ನಾನು. ಕಾಫಿ ಕೊಯ್ಲು ಮುಗಿದರೆ ಕೆಲವು ಮನೆಯವರು ಬೇರೆ ತೋಟಕ್ಕೆ ಹೋಗುತ್ತಾರೆ. ಮಗು ಟಿಸಿ ಹಿಡಿದು ಹೊಸ ಶಾಲೆಗೆ ಹೋಗುತ್ತದೆ. ಟಿಸಿಯಲ್ಲಿ ತರಗತಿ ಇರುತ್ತದೆ, ಕಲಿಕೆ ಇರುವುದಿಲ್ಲ. ನಾನು ಆ ಮಗುವಿನ ಫೋಲ್ಡರನ್ನು ಒಂದು ಮೆಮೊರಿ ಕಾರ್ಡಿಗೆ ಹಾಕಿ ಜೊತೆಗೆ ಕಳಿಸುತ್ತೇನೆ. ಜೂನ್, ಅಕ್ಟೋಬರ್, ಜನವರಿಯಲ್ಲಿ ಒಂದೇ ಪುಟ ಓದಿದ ಮೂರು ಆಡಿಯೊ ಅದರಲ್ಲಿ ಇದ್ದೇ ಇರುತ್ತದೆ. ಹೊಸ ಶಾಲೆಯ ಟೀಚರಿಗೆ ಐದು ನಿಮಿಷ ಸಾಕು.

ಕೊನೆಗೆ ಒಪ್ಪಿಗೆ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದ ಒಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತು ಅದರಲ್ಲಿದೆ. ನಾವಂತೂ ಪೋಷಕರ ಸಭೆಯಲ್ಲಿ ಓದಿ ಹೇಳಿಯೇ ಸಹಿ ಪಡೆಯುತ್ತೇವೆ. ಫೋಲ್ಡರಿನ ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕೆಲಸದ ಫೋಟೊ ತೆಗೆಯಿರಿ, ಮುಖ ಬೇಡ, ಕೈ ಕಂಡರೆ ಸಾಕು. ನಾವು ಬಳಸುವ ಒಪ್ಪಿಗೆ ಪತ್ರದ ಒಕ್ಕಣೆ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.