ಪಂಕ್ತಿ ಬಿಟ್ಟು ಎದ್ದ ಪೇತ್ರ

ಪ್ರಶ್ನೆ: ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು), ಮಾಂಸ ಬಿಡಬೇಕಾದ ಶುಕ್ರವಾರವೇ ಬಿರಿಯಾನಿ ತಿಂದೆ ಅಂತ ಅತ್ತೆ ಮಾತು ಬಿಟ್ಟಿದ್ದಾರೆ. ಇಂಥ ಜಗಳ ಮೊದಲ ಕ್ರೈಸ್ತರಲ್ಲೂ ಇತ್ತಾ?
– ಓದುಗರೊಬ್ಬರು, ಬನ್ನಿಮಂಟಪ, ಮೈಸೂರು

ಉತ್ತರ: ಇತ್ತು ತಾಯಿ, ಇದಕ್ಕಿಂತ ಜೋರಾಗೇ ಇತ್ತು! ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದ್ಯರಲ್ಲದ ಕ್ರೈಸ್ತರ ಜೊತೆ ಆರಾಮಾಗಿ ಊಟ ಮಾಡುತ್ತಿದ್ದ ಯೇಸುವಿನ ಶಿಷ್ಯ ಪೇತ್ರ, ಯೆರೂಸಲೇಮ್ ಸಭೆಯ ಹಿರಿಯ ಯಾಕೋಬರ ಕಡೆಯವರು ಬಂದರು, ಯೆಹೂದ್ಯ ಪದ್ಧತಿ ಮೀರಿದೆ ಅಂದಾರು ಅಂತ ಹೆದರಿ ಪಂಕ್ತಿಯಿಂದ ದೂರ ಸರಿದರು. ಇನ್ನೊಬ್ಬ ಪ್ರೇಷಿತ ಪೌಲ ಸುಮ್ನಿರಲಿಲ್ಲ, ಎಲ್ಲರೆದುರೇ ತರಾಟೆಗೆ ತೆಗೆದುಕೊಂಡರು. ಯೆಹೂದ್ಯರಲ್ಲದವರಿಗೂ ಯೆಹೂದ್ಯರಂತೆ ಸುನ್ನತಿ ಆಗದೆ ರಕ್ಷಣೆಯೇ ಇಲ್ಲ ಅನ್ನುವವರೂ ಇದ್ದರು. ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಎಲ್ಲರೂ ಕೂತು ಮಾತಾಡಿದಾಗ ಅದೇ ಪೇತ್ರ, ನಮ್ಮ ಹಿರಿಯರೂ ಹೊರಲಾಗದ ಯೆಹೂದ್ಯ ನಿಯಮಗಳ ನೊಗವನ್ನು ಇವರ ಹೆಗಲಿಗೆ ಯಾಕೆ ಹಾಕುತ್ತೀರಿ, ನಾವು ಉಳಿಯುವುದು ಕೃಪೆಯಿಂದ ತಾನೇ ಅಂದರು. ಸುನ್ನತಿ ಬೇಡ ಅಂತಾಯಿತು. ಆದರೂ ವಿಗ್ರಹಕ್ಕಿಟ್ಟದ್ದು, ರಕ್ತ ತಿನ್ನಬಾರದು ಅಂತ ಕೆಲವು ನಿಯಮ ಉಳಿಸಿಕೊಂಡರು (ಜೊತೆಗೆ ಕೂತು ಉಣ್ಣೋಕೆ ಅನುಕೂಲ ಆಗಲಿ ಅಂತಲೇ ಇರಬೇಕು). ನೀವೂ ಬಿರಿಯಾನಿಯನ್ನು ಭಾನುವಾರಕ್ಕೆ ತಳ್ಳಿ, ಅತ್ತೆಗೂ ಬಡಿಸಿ.