ಗೌರಿಹೂವಿನ ಬಳ್ಳಿ ಸೊಂಪಾಗಿದೆ, ಹೂವು ಮಾತ್ರ ಇಲ್ಲ

ಪ್ರಶ್ನೆ: ಹಿತ್ತಲಿನ ಹಲಸಿನ ಮರದಡಿ ಗೌರಿಹೂವಿನ (ಅಗ್ನಿಶಿಖೆ) ಗೆಡ್ಡೆ ನೆಟ್ಟಿದ್ದೇವೆ. ಮಳೆ ಬಿದ್ದೊಡನೆ ಬಳ್ಳಿ ಏಳುತ್ತದೆ, ಎಲೆಯೂ ಚೆನ್ನಾಗಿದೆ. ಆದರೆ ಗೌರಿಹಬ್ಬ ಕಳೆದರೂ ಒಂದು ಮೊಗ್ಗಿಲ್ಲ. ಬಳ್ಳಿ ಬಿದಿರುಗಳಕ್ಕೆ ಹಬ್ಬದೆ ನೆಲಕ್ಕೆ ಜೋಲುತ್ತದೆ. ಪಕ್ಕದ ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಬಿಡುತ್ತೇವೆ. ಏನು ತಪ್ಪಿದೆ?
(ಓದುಗರು, ಸಾಗರ)

ಉತ್ತರ: ಮೊದಲ ಅನುಮಾನ ಹಲಸಿನ ಮೇಲೆ. ಅದರ ನೆರಳು ವರ್ಷವಿಡೀ ದಟ್ಟ. ಗೌರಿಹೂವು ಪೊದೆಗಳ ಅಂಚಿನಲ್ಲಿ, ಬೇಲಿಸಾಲಿನಲ್ಲಿ ಬೆಳೆಯುವ ಬಳ್ಳಿ. ಬುಡ ತಂಪಾಗಿರಬೇಕು, ತುದಿಗೆ ಬೆಳಕು ಸಿಗಬೇಕು. ದಿನಕ್ಕೆ ಕನಿಷ್ಠ 4 ಗಂಟೆ ಬೆಳಗಿನ ಬಿಸಿಲು ಅಥವಾ ದಿನವಿಡೀ ಸೋಸಿದ ಬೆಳಕು ಬೇಕು. ಮರದ ನೆರಳಿನ ಪೂರ್ವದ ಅಂಚಿಗೆ ಸರಿಸಿ. ಕೆಳಗಿನ ಒಂದೆರಡು ಟೊಂಗೆ ಸವರಿದರೂ ಸಾಕಾಗಬಹುದು.

ಎರಡನೆಯದು ಗೆಡ್ಡೆಯ ತೂಕ. 50ರಿಂದ 60 ಗ್ರಾಂ ಇದ್ದರೆ ಅದೇ ವರ್ಷ ಹೂವು ನಿರೀಕ್ಷಿಸಬಹುದು. ಬೆರಳು ಗಾತ್ರದ್ದು ಎಲೆ ಬಿಟ್ಟು, ಮುಂದಿನ ವರ್ಷಕ್ಕೆ ಕೂಡಿಟ್ಟುಕೊಂಡು ಮಲಗುತ್ತದೆ. ಸಗಣಿಗೊಬ್ಬರ, ಯೂರಿಯಾ ಜಾಸ್ತಿಯಾದರೂ ಸೊಪ್ಪೇ ಸೊಪ್ಪು. ನೆಡುವಾಗ ಹಾಕಿದ ಒಂದು ಬೊಗಸೆ ಎಲೆಗೊಬ್ಬರದ ಮೇಲೆ, ಬಳ್ಳಿ ಮೊಣಕಾಲೆತ್ತರ ಬಂದಾಗ ಒಂದು ಹಿಡಿ ಬೂದಿ ಕೊಟ್ಟರೆ ಆಯಿತು.

ಇನ್ನು ಆಸರೆ. ಈ ಬಳ್ಳಿ ಕಾಂಡದಿಂದ ಸುತ್ತುವುದಿಲ್ಲ, ಬೇರೂರಿ ಅಂಟುವುದೂ ಇಲ್ಲ. ಎಲೆಯ ತುದಿಯನ್ನು ಹತ್ತಿರದಿಂದ ನೋಡಿ: ಅದು ಸಪೂರವಾಗಿ ಎಳೆದು, ಕೊನೆಯಲ್ಲಿ ಸುರುಳಿಯಾಗಿರುತ್ತದೆ. ಹಿಡಿತವೆಲ್ಲ ಆ ಸುರುಳಿಯದ್ದೇ. ಪೆನ್ಸಿಲಿಗಿಂತ ದಪ್ಪದ್ದನ್ನು ಅದು ಹಿಡಿಯಲಾರದು, ನಿಮ್ಮ ಬಿದಿರುಗಳ ಸೋತದ್ದು ಅಲ್ಲೇ. ಒಣಗಿದ ಕವಲುಕಡ್ಡಿಗಳನ್ನು ನೆಡಿ, ಇಲ್ಲವೇ ಗಳಕ್ಕೆ ಸೆಣಬಿನ ಹುರಿ ಕಟ್ಟಿ 6 ಅಡಿ ಎತ್ತರಕ್ಕೆ ಎಳೆಯಿರಿ. ಪಕ್ಕದಲ್ಲಿ ದಾಸವಾಳದ ಪೊದೆಯಿದ್ದರೆ ಬಳ್ಳಿ ತಾನೇ ಅದನ್ನು ಹತ್ತುತ್ತದೆ, ನೋಡಲಿಕ್ಕೂ ಅದೇ ಚೆಂದ. ಆಸರೆಯನ್ನು ನೆಡುವ ದಿನವೇ ಊರಿ. ಆಮೇಲೆ ಗೂಟ ಹೊಡೆಯಲು ಹೋದರೆ ಗೆಡ್ಡೆಗೇ ಚುಚ್ಚುತ್ತದೆ.

ಗೆಡ್ಡೆ ಇಂಗ್ಲಿಷಿನ ವಿ ಆಕಾರದ್ದು. ಎರಡು ತೋಳಿನ ತುದಿಯಲ್ಲೂ ಒಂದೊಂದೇ ಕಣ್ಣು. ಕಣ್ಣು ಮುರಿಯಿತೋ, ಆ ತೋಳು ಮತ್ತೆ ಚಿಗುರುವುದಿಲ್ಲ. ಎರಡು ತೋಳು ಸೇರುವ ಮಡಿಕೆಯಲ್ಲಿ ಮುರಿದರೆ ಎರಡು ಗಿಡವಾಗುತ್ತದೆ. ಕತ್ತರಿಸಿದ ಜಾಗಕ್ಕೆ ಬೂದಿ ಸವರಿ ಎರಡು ದಿನ ನೆರಳಲ್ಲಿ ಒಣಗಿಸಬೇಕು. ಮೇ ಕೊನೆಯಲ್ಲಿ 6ರಿಂದ 8 ಸೆಂ.ಮೀ. ಆಳದಲ್ಲಿ ಅಡ್ಡಲಾಗಿ ಮಲಗಿಸಿ ನೆಡಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ದಪ್ಪ ಮರಳು, ಒಂದು ಪಾಲು ಎಲೆಗೊಬ್ಬರ. ಮಲೆನಾಡಿನ ಮಳೆಗೆ ಏರುಮಡಿ ಬೇಕೇ ಬೇಕು, ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ.

ಸ್ಪ್ರಿಂಕ್ಲರ್ ವಿಷಯವನ್ನು ಹಗುರವಾಗಿ ನೋಡಬೇಡಿ. ನವೆಂಬರ್ ಹೊತ್ತಿಗೆ ಬಳ್ಳಿ ಹಳದಿಯಾಗಿ ಒಣಗುತ್ತದೆ. ಆಗ ಹಳೆಯ ಗೆಡ್ಡೆ ಸುಕ್ಕಾಗಿ, ಹೊಸದು ತಯಾರಾಗಿರುತ್ತದೆ. ಹಸಿರಿರುವಾಗಲೇ ಕತ್ತರಿಸಿದರೆ ಹೊಸ ಗೆಡ್ಡೆಗೆ ತೂಕ ಬರುವುದಿಲ್ಲ. ಪೂರ್ತಿ ಒಣಗಿದ ಮೇಲೆ ಮುಂಗಾರಿನವರೆಗೆ ಒಂದು ಹನಿ ನೀರೂ ಬೇಡ. ಅಡಿಕೆಯ ನೀರು ಅಲ್ಲಿಗೂ ತಲುಪುವುದಾದರೆ ಗೆಡ್ಡೆ ಕಿತ್ತು ಒಣ ಮರಳಲ್ಲಿ ಇಡಿ.

ಮಳೆಗಾಲದಲ್ಲಿ ಕಪ್ಪು ಮೈಮೇಲೆ ಬಣ್ಣದ ಚುಕ್ಕೆಯ ಹುಳುಗಳು ಕಾಣಿಸಿಕೊಳ್ಳುತ್ತವೆ. ಈ ಬಳ್ಳಿಯೆಲ್ಲ ವಿಷ, ಆ ವಿಷಕ್ಕೆ ಹೆದರದ ಜಾತಿ ಅದು, ಕುಡಿಯಿಂದಲೇ ಮೇಯುತ್ತದೆ. ಕುಡಿ ಹೋದರೆ ಆ ವರ್ಷದ ಹೂವೂ ಹೋಯಿತು. ಬೆಳಿಗ್ಗೆ ಆರಿಸಿ ಸೋಪುನೀರಿಗೆ ಹಾಕಿ. ಹೆಚ್ಚಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ಸೇರಿಸಿ ಸಂಜೆ ಸಿಂಪಡಿಸಿ.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಮಕ್ಕಳೂ ದನಕರುಗಳೂ ಇವೆ. ಬೆಳೆಸಬಹುದೇ?
(ಓದುಗರು, ಶಿರಸಿ)

ಉತ್ತರ: ಮಕ್ಕಳು ಕಂಡದ್ದನ್ನು ಬಾಯಿಗಿಡುವ ವಯಸ್ಸಿನವರಾದರೆ ಇನ್ನು ಕೆಲವು ವರ್ಷ ಬೇಡ. ಗಿಡದ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷ ಇದೆ, ಗೆಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಸಂಧಿವಾತದ ಒಂದು ಬಗೆಗೆ ವೈದ್ಯರು ಅತಿ ಸಣ್ಣ ಪ್ರಮಾಣದಲ್ಲಿ ಕೊಡುವ ಔಷಧಿಯೂ ಇದೇ. ಬೇಯಿಸಿದರೆ ವಿಷ ಹೋಗುವುದಿಲ್ಲ. ಗೆಣಸೆಂದು ತಿಳಿದು ಬೇಯಿಸಿ ತಿಂದು ಸತ್ತವರಿದ್ದಾರೆ.

ಹಾಗಾಗಿ ಕಿತ್ತ ಗೆಡ್ಡೆ ಅಡುಗೆಮನೆಯ ಕಡೆ, ಗೆಣಸು-ಸುವರ್ಣಗೆಡ್ಡೆಯ ಜೊತೆ ಎಂದೂ ಇರಕೂಡದು. ‘ವಿಷ’ ಎಂದು ಬರೆದ ಡಬ್ಬಿಯಲ್ಲಿ ಬೀಗ ಹಾಕಿಡಿ. ನೆಲದಲ್ಲೇ ಬಿಟ್ಟರೆ ಆ ಜಾಗಕ್ಕೆ ಗುರುತಿನ ಕಲ್ಲು ಇಡಿ, ಬಳ್ಳಿ ಒಣಗಿದ ಮೇಲೆ ಅಲ್ಲಿ ಏನಿದೆಯೆಂದು ಯಾರಿಗೂ ನೆನಪಿರುವುದಿಲ್ಲ. ಕೈಗವಸು ಹಾಕಿಕೊಂಡೇ ಮುಟ್ಟಿ. ಬಾಡಿದ ಹೂವನ್ನು ಕೂಡಲೇ ಚಿವುಟಿ: ಕಾಯಿ ಒಡೆದರೆ ಕಾಣುವ ಕೆಂಪು ಬೀಜ ಮಕ್ಕಳನ್ನು ಸೆಳೆಯುತ್ತದೆ. ಒಣ ಬಳ್ಳಿ ಹುಲ್ಲಿನ ಜೊತೆ ಕೊಟ್ಟಿಗೆಗೆ ಹೋಗದಂತೆ ಹೂತುಬಿಡಿ.

ಯಾರಾದರೂ ತಿಂದರೆ ಲಕ್ಷಣಕ್ಕಾಗಿ ಕಾಯಬೇಡಿ. ಗಂಟಲುರಿ, ವಾಂತಿ, ಭೇದಿ ಶುರುವಾಗಲು ಕೆಲವು ಗಂಟೆ ಹಿಡಿಯುತ್ತದೆ, ನಡುವೆ ಹುಷಾರಾದಂತೆಯೂ ಕಾಣಬಹುದು. ಮನೆಯಲ್ಲಿ ವಾಂತಿ ಮಾಡಿಸುವುದು, ನಾಟಿ ಮದ್ದು ಕುಡಿಸುವುದು ಬೇಡ. ಗಿಡದ ತುಂಡು ಹಿಡಿದು ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬೀಜದಿಂದ ಬೆಳೆಸಬಹುದೇ?
(ಓದುಗರು, ಮೈಸೂರು)

ಉತ್ತರ: ಆಗುತ್ತದೆ, ಆದರೆ ಮೊಳಕೆಗೆ ತಿಂಗಳುಗಟ್ಟಲೆ, ಹೂವಿಗೆ 3-4 ವರ್ಷ ಕಾಯಬೇಕು. ನರ್ಸರಿಯಿಂದ ಕಣ್ಣು ಮುರಿಯದ ಗೆಡ್ಡೆ ಕೊಳ್ಳುವುದೇ ಮೇಲು. ಕಾಡಿನಿಂದ ಮಾತ್ರ ಕೀಳಬೇಡಿ, ಅಲ್ಲಿ ಈಗಾಗಲೇ ಕಡಿಮೆಯಾಗಿದೆ.