ಟೌನ್‌ಹೋಮ್ ಕೊಳ್ಳುವ ಮುನ್ನ ಯಾವುದನ್ನು ಪರಿಶೀಲಿಸಬೇಕು?

ಸ್ವತಂತ್ರ ಮನೆ ಕೈಗೆಟುಕುತ್ತಿಲ್ಲ, ಅಪಾರ್ಟ್‌ಮೆಂಟ್ ಇಕ್ಕಟ್ಟೆನಿಸುತ್ತಿದೆ, ಹೀಗಿರುವಾಗ ಟೌನ್‌ಹೋಮ್ (ಪಕ್ಕದ ಮನೆಗಳೊಂದಿಗೆ ಗೋಡೆ ಹಂಚಿಕೊಂಡು ಸಾಲಾಗಿ ಕಟ್ಟಿದ ಮಹಡಿ ಮನೆ) ಕೊಳ್ಳುವುದು ಸರಿಯೇ ಎಂದು ನೀವು ಕೇಳಿದ್ದೀರಿ. ಅಂಥ ಸಾಲಿನ ನಡುವಿನ ಮನೆಯೊಂದರಲ್ಲಿ ಹಲವು ವರ್ಷಗಳಿಂದ ವಾಸವಾಗಿರುವ ನನಗೆ ತೋರುವಂತೆ, ಇದರ ಉತ್ತರ ಮನೆಯ ಅಂದಚಂದಕ್ಕಿಂತ ಹೆಚ್ಚಾಗಿ ಅದರ ಕಾಗದಪತ್ರಗಳಲ್ಲಿದೆ.

ಮೊದಲು ಒಡೆತನವನ್ನು ಸ್ಪಷ್ಟಪಡಿಸಿಕೊಳ್ಳಿ. ನೋಡಲು ಒಂದೇ ತೆರನಾಗಿರುವ ಎರಡು ಮನೆಗಳಲ್ಲಿ ಒಂದರ ನೆಲ, ಛಾವಣಿ, ಹೊರಗೋಡೆಗಳೆಲ್ಲ ಕೊಂಡವರ ಹೆಸರಿಗೆ ಬರಬಹುದು. ಇನ್ನೊಂದರಲ್ಲಿ ಗೋಡೆಗಳ ಒಳಗಿನ ಜಾಗವಷ್ಟೇ ಅವರದಾಗಿದ್ದು, ಉಳಿದುದು ಎಲ್ಲರ ಜಂಟಿ ಸ್ವತ್ತಾಗಿರಬಹುದು. ಛಾವಣಿ ಸೋರಿದರೆ ದುರಸ್ತಿಯ ಖರ್ಚು ಯಾರದು, ವಿಮೆಯನ್ನು ಯಾವುದಕ್ಕೆಲ್ಲ ಮಾಡಿಸಬೇಕು ಎಂಬುವು ಇದರ ಮೇಲೆಯೇ ನಿಲ್ಲುತ್ತವೆ.

ಎರಡನೆಯದು ನಿವಾಸಿಗಳ ಸಂಘ. ತಿಂಗಳ ನಿರ್ವಹಣಾ ಶುಲ್ಕ ಕಡಿಮೆ ಎಂದು ಮಾರಾಟಗಾರರು ಹೆಮ್ಮೆಯಿಂದ ಹೇಳಿದಾಗ ನನಗೆ ಅನುಮಾನವೇ ಹೆಚ್ಚು, ಏಕೆಂದರೆ ಛಾವಣಿ, ರಸ್ತೆ, ಒಳಚರಂಡಿ ಕೊಳವೆಗಳು ಒಂದಲ್ಲ ಒಂದು ದಿನ ಹಳತಾಗಿಯೇ ಆಗುತ್ತವೆ, ಅದಕ್ಕಾಗಿ ಮೀಸಲು ನಿಧಿಯಲ್ಲಿ ಹಣ ಕೂಡಿಡದ ಸಂಘವು ಆ ದಿನ ಎಲ್ಲ ಮನೆಗಳಿಂದ ದೊಡ್ಡ ಮೊತ್ತವನ್ನು ಒಮ್ಮೆಲೇ ವಸೂಲಿ ಮಾಡುವುದು ಅನಿವಾರ್ಯ. ಆದ್ದರಿಂದ ಮೀಸಲು ನಿಧಿಯ ಲೆಕ್ಕ, ಇತ್ತೀಚಿನ ಸಭೆಗಳ ನಡಾವಳಿ, ಶುಲ್ಕ ಬಾಕಿ ಉಳಿಸಿಕೊಂಡ ಮನೆಗಳ ಸಂಖ್ಯೆ, ನಡೆಯುತ್ತಿರುವ ವ್ಯಾಜ್ಯಗಳು, ಇವಿಷ್ಟನ್ನೂ ಲಿಖಿತವಾಗಿ ಕೇಳಿ. ನಡಾವಳಿಯನ್ನು ಓದುವುದು ಬೇಸರದ ಕೆಲಸ, ನಿಜ. ಆದರೆ ಪದೇ ಪದೇ ಮುಂದೂಡಲಾದ ದುರಸ್ತಿಗಳು ಅಲ್ಲಿಯೇ ಕಣ್ಣಿಗೆ ಬೀಳುತ್ತವೆ. ಮನೆಯನ್ನು ಬಾಡಿಗೆಗೆ ಕೊಡಲು, ಸಾಕುಪ್ರಾಣಿ ಇಟ್ಟುಕೊಳ್ಳಲು, ಹೊರಗೋಡೆಗೆ ಬೇರೆ ಬಣ್ಣ ಬಳಿಯಲು, ಸೌರಫಲಕ ಕೂರಿಸಲು ನಿರ್ಬಂಧಗಳಿವೆಯೇ ಎಂಬುದನ್ನೂ ಸಂಘದ ನಿಯಮಾವಳಿಯಾದ ಬೈಲಾದಲ್ಲಿ ನೋಡಿಕೊಳ್ಳಿ.

ವಾಸದ ಅನುಕೂಲಗಳು ಸಾಕಷ್ಟಿವೆ. ತಲೆಯ ಮೇಲೆ ಇನ್ನೊಬ್ಬರ ಮನೆಯಿಲ್ಲ, ನೆಲದಿಂದಲೇ ಸ್ವಂತ ಬಾಗಿಲಿದೆ; ಇಬ್ಬದಿಯ ಗೋಡೆಗಳು ಹೊರಗಾಳಿಗೆ ತೆರೆದುಕೊಳ್ಳದ ಕಾರಣ ಮನೆಯನ್ನು ಬೆಚ್ಚಗೆ ಅಥವಾ ತಂಪಾಗಿಡುವ ಖರ್ಚೂ ತಗ್ಗುತ್ತದೆ. ಆದರೆ ಅದೇ ಗೋಡೆಗಳಿಂದಾಗಿ ಕಿಟಕಿಗಳು ಮುಂದೆ ಮತ್ತು ಹಿಂದೆ ಮಾತ್ರ ಇರುತ್ತವೆ, ಹೀಗಾಗಿ ನಡುಭಾಗ ಹಗಲಿನಲ್ಲೂ ಮಬ್ಬಾಗಿರಬಹುದು. ಶಬ್ದದ ವಿಷಯದಲ್ಲಿ, ಗೋಡೆ ದಪ್ಪವಾಗಿದ್ದರೆ ಮಾತು ಕೇಳಿಸದಿದ್ದರೂ, ನೆರೆಯವರು ಮೆಟ್ಟಿಲು ಹತ್ತುವ, ಬಾಗಿಲು ಬಡಿಯುವ ಸದ್ದು ಕಟ್ಟಡದ ಮೂಲಕವೇ ಹರಿದು ಬರುತ್ತದೆ. ಎಲ್ಲರೂ ಮನೆಯಲ್ಲಿರುವ ಸಂಜೆಯ ಹೊತ್ತಿಗೆ ಹೋಗಿ ಅರ್ಧ ಗಂಟೆ ಸುಮ್ಮನೆ ಕುಳಿತು ಕೇಳದ ಹೊರತು ಇದು ತಿಳಿಯುವುದಿಲ್ಲ. ಮಹಡಿಗಳ ಮನೆಯಾದ್ದರಿಂದ ಮಂಡಿನೋವಿನ ಹಿರಿಯರಿದ್ದರೆ ಕೆಳಗೇ ಒಂದು ಮಲಗುವ ಕೋಣೆ, ಬಚ್ಚಲು ಇರುವುದು ಅಗತ್ಯ.

ಸಾಲಿನ ತುದಿಯ ಮನೆ ಸಿಗುವುದಾದರೆ, ಬೆಲೆ ತುಸು ಹೆಚ್ಚಾದರೂ ನಾನು ಅದನ್ನೇ ಆರಿಸುತ್ತೇನೆ; ಮೂರು ಕಡೆಯ ಬೆಳಕು, ಒಂದೇ ಬದಿಯ ನೆರೆ ಎಂಬ ಕಾರಣಕ್ಕೆ ಮುಂದೆ ಮಾರುವಾಗಲೂ ಅದನ್ನು ಕೇಳುವವರು ಹೆಚ್ಚು. ಸಂಘದ ಲೆಕ್ಕಪತ್ರ ತೋರಿಸಲು ಹಿಂದೇಟು ಹಾಕುವ ಕಡೆಯಾದರೆ, ತುದಿಯ ಮನೆಯಾದರೂ ಮುಂಗಡ ಕೊಡಬೇಡಿ.